ಹುಳಗಳನ್ನು ಬೈದ ಪದ್ಯ

ಪದ್ಯವೆಂದರೆ ಎದ್ದು ನಿಂತು, ಕೈ ಕಟ್ಟಿ, ಎದುರಿನ ಗೋಡೆ ನೋಡುತ್ತ ಒಂದೇ ಉಸಿರಿಗೆ ಒಪ್ಪಿಸಿ, ಧೊಪ್ಪನೆ ಕುಳಿತುಕೊಳ್ಳುವಂಥದ್ದು ಎಂದು ಕೆಂಚೇನಪಲ್ಲಿಯ ಸರ್ಕಾರಿ ಶಾಲೆಯ ಮಕ್ಕಳು ತಿಳಿದಿದ್ದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಅವರ ಅಪ್ಪಂದಿರೂ ಅದೇ ಗೋಡೆ ನೋಡುತ್ತ ಒಪ್ಪಿಸಿ ಕುಳಿತವರು. ಕಳೆದ ಜೂನ್ ತಿಂಗಳಲ್ಲಿ ಆಶಾರಾಣಿ ಟೀಚರ್ ಬಂದು ಈ ಏರ್ಪಾಟನ್ನು ಕೆಡಿಸಿದಳು.

ಆಶಾರಾಣಿ ಕೆಜಿಎಫ್‌ನವಳು. ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ, ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಎಂದು ಮೂರನ್ನೂ ಜಗಳವಿಲ್ಲದೆ ಸಾಕಿಕೊಂಡು ಬೆಳೆದವಳು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕ್ಯಾಸಂಬಳ್ಳಿಗೆ ಬಂದು, ಅಲ್ಲಿಂದ ಎರಡು ಕಿಲೋಮೀಟರು ನಡೆದು ಶಾಲೆ ಸೇರುತ್ತಿದ್ದಳು. ನಾಲ್ಕನೇ ಮತ್ತು ಐದನೇ ತರಗತಿ ಸೇರಿ ಒಂಬತ್ತು ಮಕ್ಕಳು ಅವಳ ಪಾಲಿಗಿದ್ದರು. ಹಳ್ಳಿಯ ಬದುಕಿನ ಬಗ್ಗೆ ಅವಳಿಗೆ ಗೊತ್ತಿದ್ದುದು ಅಷ್ಟಕ್ಕಷ್ಟೆ. ರೇಷ್ಮೆ ಎಂದರೆ ಅವಳ ಮಟ್ಟಿಗೆ ಮದುವೆಯ ಸೀರೆ, ಅಲ್ಲಿಗೆ ಮುಗಿಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನ ಫಜೀತಿಯೆಲ್ಲ ಇಲ್ಲಿಂದಲೇ ಶುರುವಾದದ್ದು.

"ಈ ಸಲ ಎಲ್ಲರೂ ಮನೆಯಿಂದ ಒಂದೊಂದು ಸದ್ದು ತರಬೇಕು," ಎಂದು ಅವಳು ಒಂದು ಶುಕ್ರವಾರ ಹೇಳಿದಳು. "ಕಿವೀಲಿ ಇಟ್ಕೊಂಡು ಬನ್ನಿ. ಸೋಮವಾರ ಅದನ್ನ ಬರೆಯೋಣ. ಪ್ರಾಸ ಬಂದ್ರೆ ಬರಲಿ, ಬರದಿದ್ರೆ ಅದರ ಮನೆಗೆ ಅದು ಹೋಗಲಿ."

ಮಕ್ಕಳು ತಂದರು. ಐದನೇ ತರಗತಿಯ ಚಲಪತಿ ತಮ್ಮ ತೋಟದ ಬೋರ್‌ವೆಲ್ಲಿನ ಕೆಮ್ಮು ತಂದ. ರೂಪ ತಮ್ಮ ಹಸು ಮೆಲುಕು ಹಾಕುವ ಸದ್ದು ತಂದು, ಬಾಯಲ್ಲೇ ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದಳು. ನಾಲ್ಕನೇ ತರಗತಿಯ ಭಾನುಪ್ರಿಯ ಮಾತ್ರ ಪುಸ್ತಕವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಈ ಹುಡುಗಿಗೆ ಧ್ವನಿ ಇದೆಯೆಂಬುದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಅದೂ "ಎಸ್ ಮಿಸ್" ಎನ್ನುವ ಪಿಸುಮಾತು. ಆಶಾರಾಣಿ ಪುಸ್ತಕವನ್ನು ಮೆಲ್ಲಗೆ ಎಳೆದುಕೊಂಡು ಓದಿದಳು.

ನಮ್ಮನೆ ಒಳಗೆ ಮಳೆ ಬರುತ್ತೆ
ಯಾರೂ ನೆನೆಯಲ್ಲ
ಅಜ್ಜಿ ಸೊಪ್ಪು ಹಾಕಿದ್ರೆ ಸುರಿಯುತ್ತೆ
ಸೊಪ್ಪು ಮುಗಿದ್ರೆ ನಿಲ್ಲುತ್ತೆ
ನಮ್ಮ ಹುಳ ಬೆಳ್ಳಗೆ ಗುಂಡಗೆ
ಅಜ್ಜಿ ಕಿರುಬೆರಳಷ್ಟು ಉದ್ದ
ಒಂದೂ ಸತ್ತಿಲ್ಲ

ಆಶಾರಾಣಿಗೆ ಮೈ ಜುಮ್ಮೆಂದಿತು. ಭಾನುಪ್ರಿಯಳ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ, ಸಾವಿರಾರು ಹುಳ ಒಟ್ಟಿಗೆ ಸೊಪ್ಪು ತಿನ್ನುವಾಗ ಮಳೆಯಂತೆ ಸದ್ದಾಗುತ್ತದೆ ಎಂಬುದು ಅವಳಿಗೆ ಆ ಪದ್ಯದಿಂದಲೇ ತಿಳಿದದ್ದು. ಅಷ್ಟು ಚೆಂದದ್ದನ್ನು ಪುಸ್ತಕದಲ್ಲಿ ಮುಚ್ಚಿಡಲು ಮನಸ್ಸು ಬರಲಿಲ್ಲ. ಶಾಲೆಯ ಜಗಲಿಯ ಮೇಲೆ, ಬೀದಿಗೆ ಮುಖಮಾಡಿ ಒಂದು ಕಪ್ಪುಹಲಗೆ ಇತ್ತು. ಅದರ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ದುಂಡಗೆ ಬರೆದು, ಕೆಳಗೆ ಭಾನುಪ್ರಿಯಳ ಹೆಸರು ಹಾಕಿ, ಸುತ್ತ ಬಳ್ಳಿಯನ್ನೂ ಬಿಡಿಸಿದಳು. ಡೈರಿಗೆ ಹಾಲು ಹಾಕಿ ಬರುವವರೆಲ್ಲ ನಿಂತು ಓದಿದರು. ಓದಲು ಬಾರದವರಿಗೆ ಚಲಪತಿ ಕೂಗಿ ಓದಿ ಹೇಳಿದ.

ಮಾರನೆಯ ದಿನ ಬಿಸಿಯೂಟದ ಹೊತ್ತಿಗೆ ಸೊಣ್ಣಮ್ಮ ಬಂದಳು. ಭಾನುಪ್ರಿಯಳ ಅಜ್ಜಿ. ಒಂದು ಕೈಯಲ್ಲಿ ಕಲ್ಲುಪ್ಪು, ಇನ್ನೊಂದರಲ್ಲಿ ಒಣಮೆಣಸಿನಕಾಯಿ. ಯಾರನ್ನೂ ಮಾತಾಡಿಸದೆ ನೇರವಾಗಿ ಹಲಗೆಯ ಮುಂದೆ ನಿಂತು, ಕೂಸಿಗೆ ನಿವಾಳಿಸುವಂತೆ ಹಲಗೆಗೆ ಮೂರು ಸುತ್ತು ನಿವಾಳಿಸಿ, "ಥೂ, ಥೂ, ಥೂ" ಎಂದಳು. ಆಮೇಲೆ ಸೆರಗಿನಿಂದ ಪದ್ಯವನ್ನು ತಿಕ್ಕಿ ತಿಕ್ಕಿ ಒರೆಸಿದಳು. ಅಲ್ಲಿಂದ ಅಡುಗೆಮನೆಯ ಹಿಂದೆ ಸೌದೆ ಒಲೆಗೆ ಹೋಗಿ ಉಪ್ಪು ಮೆಣಸಿನಕಾಯಿಯನ್ನು ಉರಿಗೆ ಹಾಕಿ ಕಾದಳು. ಉಪ್ಪು ಚಟಪಟ ಎಂದಿತು. ಗಾಳಿ ಹೊಲದ ಕಡೆಗೆ ಬೀಸುತ್ತಿತ್ತು. ಒಬ್ಬರೂ ಕೆಮ್ಮಲಿಲ್ಲ.

"ನೋಡ್ದಾ? ಗಾಟೇ ಇಲ್ಲ," ಎಂದಳು ಸೊಣ್ಣಮ್ಮ. "ಅಷ್ಟು ಕಣ್ಣು ಬಿದ್ದದೆ."

ಆಶಾರಾಣಿ ಹೇಗಾದರೂ ಕೆಮ್ಮೋಣ ಎಂದು ಗಂಟಲು ಸರಿಮಾಡಿಕೊಂಡಳು. ಬೇಕೆಂದಾಗ ಕೆಮ್ಮು ಬರುವುದಿಲ್ಲ.

"ಅಮ್ಮಾ, ಏನು ತಪ್ಪಾಯ್ತು ಹೇಳಿ."

"ಏನ್ ತಪ್ಪಾಯ್ತಾ? ನಮ್ ಉಳ ನಿನ್ನೆಯಿಂದ ನಾಕನೇ ಜ್ವರಕ್ಕೆ ಕೂತವೆ ಮೇಡಮ್ಮಾ. ಈವತ್ತು ಸಂಜೆ ಏಳ್ಬೇಕು. ಇಂಥಾ ಒತ್ನಾಗೆ ಬೆಳ್ಳಗವೆ, ಗುಂಡಗವೆ, ಒಂದೂ ಸತ್ತಿಲ್ಲ ಅಂತ ಊರಿಗೆಲ್ಲಾ ಬರ್ದಾಕಿದ್ದೀಯಲ್ಲಾ! ಉಳ ಚೆನ್ನಾಗವೆ ಅಂತ ನಾನೇ ಬಾಯಿಬಿಟ್ಟು ಅಂದಿಲ್ಲ, ನಮ್ ಅತ್ತೆ ಅಂದಿಲ್ಲ. ಯಾರಾನಾ ಅಂತಾರಾ?"

ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುನ್ನ ಊಟ ನಿಲ್ಲಿಸಿ, ತಲೆ ಎತ್ತಿ ಒಂದು ಹಗಲು ಒಂದು ರಾತ್ರಿ ಅಲ್ಲಾಡದೆ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದರೆ ಬದುಕಿಕೊಂಡಂತೆ. ಏಳದಿದ್ದರೆ ತಿಂಗಳ ದುಡಿಮೆ ತಿಪ್ಪೆಗೆ. ಇದನ್ನೆಲ್ಲ ಆಶಾರಾಣಿಗೆ ಆಮೇಲೆ ಮುಖ್ಯೋಪಾಧ್ಯಾಯ ವಿಜಯಕುಮಾರ್ ವಿವರಿಸಿದರು. ಸೊಣ್ಣಮ್ಮನಿಗೆ ವಿವರಿಸುವ ವ್ಯವಧಾನ ಇರಲಿಲ್ಲ.

"ಉಳ ಏಳೋಗಂಟ ಇವ್ಳು ಇಸ್ಕೂಲಿಗೆ ಬರಲ್ಲ," ಎಂದು ಮೊಮ್ಮಗಳ ಕೈ ಹಿಡಿದಳು. "ಎದ್ರೂವೆ, ಪದ್ಯಗಿದ್ಯ ಬರ್ಯಾಂಗಿಲ್ಲ. ಆಣೆ."

ಭಾನುಪ್ರಿಯ ತಿರುಗಿ ನೋಡಿದಳು. ಆ ನೋಟದಲ್ಲಿ ಅಜ್ಜಿಯ ಮೇಲೆ ಸಿಟ್ಟಿರಲಿಲ್ಲ, ಟೀಚರ ಮೇಲೂ ಇರಲಿಲ್ಲ. ನಾನೇ ಹುಳಗಳನ್ನು ಕೊಂದೆನಾ ಎಂಬ ಭಯವಿತ್ತು. ಮೂರು ತಿಂಗಳಲ್ಲಿ ಆ ಮಗು ಮೊದಲ ಸಲ ಬಾಯಿಬಿಟ್ಟು ಹೇಳಿದ ಮಾತಿಗೆ ಆಶಾರಾಣಿ ಬಣ್ಣದ ಬಳ್ಳಿ ಬಿಡಿಸಿ ಬೀದಿಗಿಟ್ಟಿದ್ದಳು.

ಬುಧವಾರ ಭಾನುಪ್ರಿಯಳ ಜಾಗ ಖಾಲಿ. ಉಳಿದವರು ಬಂದರು, ಆದರೆ ಪುಸ್ತಕಗಳು ಖಾಲಿ.

"ಹಸು ಬಗ್ಗೆ ಬರೀಬೇಡ ಅಂದ್ರು ಮಿಸ್ ನಮ್ಮಮ್ಮ," ಎಂದಳು ರೂಪ. "ಮೊನ್ನೆ ತಾನೇ ಕರು ಹಾಕೈತೆ."

"ನಮ್ ಬೋರ್ ಸುದ್ದಿ ಎತ್ತಂಗಿಲ್ಲ," ಎಂದ ಚಲಪತಿ. "ನೀರು ಬರ್ತಾ ಅದೆ ಅಂತ ಯಾರ್‍ಗೂ ಏಳ್ಬ್ಯಾಡ ಅಂದ ನಮ್ಮಪ್ಪ."

ಟೊಮೆಟೊ ಚೆನ್ನಾಗಿ ಕಾಯಿಬಿಟ್ಟ ಮನೆಯವರು ಟೊಮೆಟೊ ಬೇಡ ಎಂದಿದ್ದರು. ಒಬ್ಬಳ ಅಕ್ಕನಿಗೆ ಗಂಡು ಗೊತ್ತಾಗಿತ್ತು, ಹಾಗಾಗಿ ಅಕ್ಕ ಬೇಡ. ಲೆಕ್ಕ ಹಾಕಿದರೆ ಕೆಂಚೇನಪಲ್ಲಿಯಲ್ಲಿ ಒಳ್ಳೆಯದು ಏನೇನಿದೆಯೋ ಅದಿಷ್ಟೂ ಪದ್ಯಕ್ಕೆ ನಿಷಿದ್ಧವಾಗಿತ್ತು. ಬರೆಯಲು ಉಳಿದದ್ದು ಶಾಲೆಯ ಮುರಿದ ಗೇಟು ಒಂದೇ.

ವಿಜಯಕುಮಾರ್ ಒಳ್ಳೆಯ ಮನುಷ್ಯ, ಆದರೆ ಗದ್ದಲವಿಲ್ಲದೆ ನಿವೃತ್ತಿಯಾಗಬೇಕೆಂಬ ಆಸೆಯವರು. "ಮುಂದಿನ ವಾರ ಶನಿವಾರ ಪೋಷಕರ ಸಭೆ ಇದೆ ಮೇಡಂ," ಎಂದರು. "ಮಕ್ಕಳು ತಾವೇ ಬರೆದದ್ದು ಓದ್ತಾರೆ ಅಂತ ನೀವು ಹೇಳಿದ್ರಿ. ಪುಸ್ತಕದಲ್ಲಿರೋದನ್ನೇ ಹಾಡಿಸಿಬಿಡಿ. ಅಕಸ್ಮಾತ್ ಆ ಹುಳ ಏನಾದ್ರೂ ಸತ್ತರೆ..." ಮುಂದಕ್ಕೆ ಅವರೂ ಹೇಳಲಿಲ್ಲ. ಅವರೂ ಅದೇ ಸೀಮೆಯವರು.

ಆ ರಾತ್ರಿ ಆಶಾರಾಣಿಗೆ ಊಟ ಸೇರಲಿಲ್ಲ. ಬಿ.ಎಡ್. ಮಾಡಿದವಳು, ದೃಷ್ಟಿಗಿಷ್ಟಿ ನಂಬದವಳು, ಯಾರದೋ ಮನೆಯ ಹುಳಗಳು ಜ್ವರದಿಂದ ಏಳಲಿ ಎಂದು ಕೈಮುಗಿದದ್ದನ್ನು ಅವಳ ತಾಯಿ ಮಾರಿಯಮ್ಮ ನೋಡಿದಳು. ಸಂಗತಿ ಕೇಳಿ ನಕ್ಕಳು.

"ನೀನು ಹುಟ್ಟಿದಾಗ ಎಷ್ಟು ಚೆನ್ನಾಗಿದ್ದೆ ಗೊತ್ತಾ?" ಎಂದಳು ತಮಿಳಿನಲ್ಲಿ. "ಮೂರು ವರ್ಷ ನಿನ್ನನ್ನ ಇಲಿಮರಿ ಅಂತಾನೇ ಕರೆದೆ. ನಿಜವಾಗಿ ಇಲಿಮರಿ ಹಾಗೆ ಇದ್ದಿದ್ದರೆ ಹಾಗೆ ಕರೀತಿದ್ದೆನಾ?"

ಆಶಾರಾಣಿಗೆ ತಾಯಿಯ ಮಾತು ಪೂರ್ತಿ ತಲೆಗೆ ಹೋಗಲಿಲ್ಲ. ತಲೆಯಲ್ಲಿ ಹುಳ ತುಂಬಿತ್ತು.

ಗುರುವಾರ ಶಾಲೆ ಬಿಟ್ಟ ಮೇಲೆ ತಪ್ಪು ಒಪ್ಪಿಕೊಂಡು ಬರೋಣ ಎಂದು ಸೊಣ್ಣಮ್ಮನ ಮನೆಗೆ ಹೊರಟಳು. ಹಿತ್ತಿಲಲ್ಲಿ ಉದ್ದನೆಯ ಹುಳದ ಮನೆ, ಕಿಟಕಿಗಳಿಗೆಲ್ಲ ಹಸಿರು ಬಲೆ, ಬಾಗಿಲಲ್ಲಿ ಕಾಲು ಅದ್ದಿ ಹೋಗಲು ಬ್ಲೀಚಿಂಗ್ ನೀರಿನ ತೊಟ್ಟಿ. ಬಾಗಿಲಾಚೆಗೇ ಕೂತಿದ್ದ ಭಾನುಪ್ರಿಯ ಟೀಚರನ್ನು ಕಂಡು ಎದ್ದು ನಿಂತು, ತುಟಿಯ ಮೇಲೆ ಬೆರಳಿಟ್ಟಳು. ಟೀಚರ ಮುಡಿಯಲ್ಲಿದ್ದ ಮಲ್ಲಿಗೆಯನ್ನು ತೋರಿಸಿ ತಲೆಯಾಡಿಸಿದಳು. ವಾಸನೆ ಹುಳಕ್ಕೆ ಆಗದು. ಆಶಾರಾಣಿ ಹೂವನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡು ಕಲ್ಲಿನ ಮೇಲೆ ಕೂತಳು. ಈ ಹುಡುಗಿ ಯಾಕೆ ಪಿಸುಗುಡುತ್ತಾಳೆ ಎಂಬುದು ಈಗ ತಿಳಿಯಿತು. ಹುಟ್ಟಿದಾಗಿನಿಂದ ಸದ್ದು ಮಾಡಬಾರದ ಈ ಬಾಗಿಲ ಬಳಿ ಆಡಿ ಬೆಳೆದವಳು.

ಆಗ ಒಳಗಿನಿಂದ ಮಳೆಯ ಸದ್ದು ಕೇಳಿಸಿತು. ಆಶಾರಾಣಿ ಆಕಾಶ ನೋಡಿದಳು. ಬಿಸಿಲು ಹಾಗೇ ಇತ್ತು.

"ಎದ್ವಾ?" ಎಂದಳು, ಉಸಿರಿನಲ್ಲೇ.

ಭಾನುಪ್ರಿಯ ಹೌದೆಂದು ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಬುದ್ಧಿ ಕಲಿತಿದ್ದಳು. ಕಣ್ಣು ಮಾತ್ರ ಅರಳಿದವು.

ಮಳೆಯ ನಡುವೆ ಸೊಣ್ಣಮ್ಮನ ದನಿಯೂ ಇತ್ತು. ತಟ್ಟೆಯಿಂದ ತಟ್ಟೆಗೆ ಸೊಪ್ಪು ಹರಡುತ್ತ, ತಗ್ಗಿದ ಸ್ವರದಲ್ಲಿ, ಒಂದೇ ಲಯದಲ್ಲಿ ಅವಳು ಬೈಯುತ್ತಿದ್ದಳು. "ತಿನ್ನಿ, ತಿನ್ನಿ, ಆಳಾದವೇ. ಏನ್ ಕಡ್ದು ಗುಡ್ಡೆ ಆಕೀರಿ ಅಂತ ಇಷ್ಟು ತಿಂತೀರಿ? ಕರಿಮೂತಿಗಳಾ, ಸೋಮಾರಿಗಳಾ. ನಿಮ್ ತಾತಂದಾ ಈ ಸೊಪ್ಪು? ಬೆನ್ನು ಮುರ್ದು ತಂದಾಕಿದ್ರೆ ತಲೆ ಎತ್ತಿ ನೋಡಲ್ವಾ? ತಿನ್ನಿ, ದರಿದ್ರಗಳಾ, ತಿನ್ನಿ, ನಮ್ಮಪ್ಪಗಳಾ..." ಕೊನೆಯ ಮಾತು ಹೇಗೋ ಜಾರಿ ಬಂದುಬಿಟ್ಟಿತ್ತು. ತಕ್ಷಣ "ಥೂ" ಎಂದು ಸರಿಮಾಡಿಕೊಂಡಳು.

"ನಿಮ್ಮಜ್ಜಿ ಯಾವಾಗ್ಲೂ ಹೀಗೇ ಬೈತಾರಾ?" ಆಶಾರಾಣಿ ಕೇಳಿದಳು.

ಭಾನುಪ್ರಿಯ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು. "ಚೆನ್ನಾಗಿದ್ರೆ ಮಾತ್ರ ಮಿಸ್. ಉಳ ಚೆನ್ನಾಗಿಲ್ದಿದ್ರೆ ಅಜ್ಜಿ ಮಾತೇ ಆಡಲ್ಲ."

ಮೂರು ತಿಂಗಳಿಂದ ಆಶಾರಾಣಿ ಮಕ್ಕಳಿಗೆ ಹೇಳಿಕೊಟ್ಟದ್ದು ಒಂದೇ ಪಾಠ, ಇಷ್ಟವಾದದ್ದನ್ನು ಇಷ್ಟವೆಂದು ಬರೆಯಿರಿ ಎಂದು. ಇಷ್ಟವಾದದ್ದನ್ನು ಕಣ್ಣು ಬೀಳದಂತೆ ಬೈದು ಕಾಪಾಡುವುದು ಹೇಗೆಂದು ಅವಳಿಗೇ ಗೊತ್ತಿರಲಿಲ್ಲ. ಇಲಿಮರಿ ಎಂದು ಮೂರು ವರ್ಷ ಕರೆಸಿಕೊಂಡವಳಿಗೆ ಇದು ಇಷ್ಟು ತಡವಾಗಿ ಹೊಳೆಯಬಾರದಿತ್ತು. ಅವಳಿಗೆ ನಗು ಬಂತು.

ಸೊಣ್ಣಮ್ಮ ಖಾಲಿ ಬುಟ್ಟಿ ಹಿಡಿದು ಹೊರಗೆ ಬಂದವಳು ಟೀಚರನ್ನು ಕಂಡು ನಿಂತಳು. ಆಶಾರಾಣಿ ಎದ್ದು, "ಅಮ್ಮಾ, ಏನು ಕೆಟ್ಟ ಹುಳ ನಿಮ್ಮವು! ರಾಕ್ಷಸರ ಹಾಗೆ ತಿಂತಾವೆ. ಯಾವ ಕೆಲಸಕ್ಕೂ ಬರಲ್ಲ," ಎಂದಳು.

ಸೊಣ್ಣಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬುಟ್ಟಿ ಕೆಳಗಿಟ್ಟಳು.

"ಕೂತ್ಕೋ ಮೇಡಮ್ಮಾ," ಎಂದಳು. "ಮಜ್ಜಿಗೆ ಕುಡ್ಕೊಂಡು ಓಗೀವಂತೆ."

"ನಾಳೆ ಭಾನು ಬರ್ಲಾ ಶಾಲೆಗೆ?"

"ಬರ್ಲಿ. ಪದ್ಯ ಮಾತ್ರ ಬ್ಯಾಡ. ಆಣೆ ಆಕಿದ್ದೀನಿ."

"ಪದ್ಯ ಬರೆಯಲ್ಲ ಅಮ್ಮಾ. ಬೈತಾಳೆ. ಬೈಯೋದಕ್ಕೆ ಆಣೆ ಇಲ್ವಲ್ಲ?"

ಸೊಣ್ಣಮ್ಮ ಯೋಚಿಸಿದಳು. ಆಣೆಯಲ್ಲಿ ಬೈಗುಳ ಸೇರಿತ್ತೋ ಇಲ್ಲವೋ ಎಂದು ಬಹಳ ಪ್ರಾಮಾಣಿಕವಾಗಿ ಯೋಚಿಸಿ, "ಬಯ್ಯಾಕೆ ಏನು, ಬೈಲಿ," ಎಂದಳು.

ಶುಕ್ರವಾರ ಆಶಾರಾಣಿ ಹಲಗೆಯ ಮೇಲೆ ದೊಡ್ಡದಾಗಿ ಬರೆದಳು: ನಿಮ್ಮ ಮನೆಯಲ್ಲಿ ತುಂಬ ಇಷ್ಟವಾದದ್ದನ್ನು ಬೈಯಿರಿ. ಎರಡು ನಿಯಮ ಹಾಕಿದಳು. ಅಮ್ಮನ ಮುಂದೆ ಹೇಳಲಾಗದ ಮಾತು ಬರಕೂಡದು. ಬೈಗುಳ ಸುಳ್ಳಾಗಿರಬಹುದು, ಆದರೆ ನೋಡಿದ್ದು ನಿಜವಾಗಿರಬೇಕು. "ಕೆಟ್ಟ ಹಸು ಅಂದ್ರೆ ಸಾಲದು ರೂಪ. ಅದು ಬಾಲದಲ್ಲಿ ಹೊಡೆಯುತ್ತಾ? ಯಾವ ಕೆನ್ನೆಗೆ? ನೋಡ್ಕೊಂಡು ಬಂದು ಬೈ."

ಬಾಗಿಲಲ್ಲಿ ವಿಜಯಕುಮಾರ್ ನಿಂತಿದ್ದರು. "ಬೈಗುಳ ಕಲಿಸ್ತಿದ್ದೀರಾ ಮೇಡಂ?" ಅವರ ಧ್ವನಿಯಲ್ಲಿ ನಿವೃತ್ತಿಯ ಚಿಂತೆಯಿತ್ತು.

"ನಿಂದಾಸ್ತುತಿ ಸರ್. ಹಿಂದಿನವರು ದೇವರನ್ನೇ ಬೈದು ಹಾಡಿದ್ದಾರೆ."

ಹೆಸರೊಂದು ಸಿಕ್ಕಿದ್ದೇ ಅವರಿಗೆ ಸಮಾಧಾನವಾಯಿತು. ಕಾರ್ಯಕ್ರಮಗಳ ವಹಿಯಲ್ಲಿ ಅದನ್ನು ಚೆಂದವಾಗಿ ಬರೆದುಕೊಂಡರು.

ಆ ಒಂದು ವಾರ ಒಂಬತ್ತು ಮಕ್ಕಳೂ ತಮ್ಮ ತಮ್ಮ ಮನೆಯ ಐಶ್ವರ್ಯವನ್ನು ಎಂದೂ ನೋಡದಷ್ಟು ಹತ್ತಿರದಿಂದ ನೋಡಿದರು. ಹಿಂದೆ ಹೊಗಳುವಾಗ "ಚೆನ್ನಾಗಿದೆ" ಎಂದು ಮುಗಿಸುತ್ತಿದ್ದವರು, ಬೈಯಲು ಹೋದಾಗ ಹುಡುಕಬೇಕಾಯಿತು. ಭಾನುಪ್ರಿಯ ದಿನಾ ಒಂದೆರಡು ಸಾಲು ತಂದು ತೋರಿಸುವಳು, ಆಶಾರಾಣಿ "ಇನ್ನೂ ಬೈ" ಎನ್ನುವಳು. ಬುಧವಾರ ಹುಳ ಹಣ್ಣಾದವು. ಅಂದರೆ ಮೈ ಹಳದಿ ತಿರುಗಿ, ತಿನ್ನುವುದು ಬಿಟ್ಟು, ಗೂಡು ಕಟ್ಟಲು ಜಾಗ ಹುಡುಕತೊಡಗಿದವು. ಗುರುವಾರದ ಹೊತ್ತಿಗೆ ಎಲ್ಲವನ್ನೂ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಟ್ಟಾಗಿತ್ತು. ಆ ಸುದ್ದಿಯನ್ನೂ ಭಾನುಪ್ರಿಯ ಹೇಳಿದ್ದು ಹೀಗೆ: "ದರಿದ್ರಗಳು ಚಂದ್ರಿಕೆ ಏರಿದ್ವು ಮಿಸ್."

ಶನಿವಾರ ಸಭೆಗೆ ಎಂದೂ ಬಾರದಷ್ಟು ಜನ ಬಂದರು. ಮಕ್ಕಳು ಬೈತಾರಂತೆ ಎಂಬ ಸುದ್ದಿ ಡೈರಿಯಲ್ಲಿ ಹಬ್ಬಿತ್ತು. ಭಾನುಪ್ರಿಯಳ ಅಪ್ಪ ಸುಧಾಕರ್ ದಿನಾ ನಸುಕಿಗೇ ಬಂಗಾರಪೇಟೆಯಿಂದ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುವವನು, ಅಂದು ರಜೆ ಹಾಕಿ ಬಂದು ಹಿಂದೆ ನಿಂತಿದ್ದ. ಸೊಣ್ಣಮ್ಮ ಮುಂದಿನ ಸಾಲಿನಲ್ಲಿ, ಸೊಂಟದ ಚೀಲದಲ್ಲಿ ಏನೋ ಹಿಡಿದುಕೊಂಡು ಕೂತಿದ್ದಳು. ಉಪ್ಪು ಮೆಣಸಿನಕಾಯಿಯೇ ಇರಬೇಕೆಂದು ಆಶಾರಾಣಿಗೆ ಅನುಮಾನ.

ಚಲಪತಿ ಮೊದಲು ಎದ್ದ.

ನಮ್ಮ ಬೋರು ಮುದುಕನಂಗೆ ಕೆಮ್ಮುತ್ತೆ
ಒಂದು ಚೊಂಬು ನೀರಿಗೆ ಊರೆಲ್ಲ ಎಬ್ಬಿಸುತ್ತೆ
ಮಾನ ಇಲ್ಲ ಮರ್ಯಾದೆ ಇಲ್ಲ
ಕರೆಯದಿದ್ರೂ ಪಕ್ಕದ ತೋಟಕ್ಕೆ ಹೋಗುತ್ತೆ

ಅವನಪ್ಪ ಹೆಮ್ಮೆಯಿಂದ ಅತ್ತಿತ್ತ ನೋಡಿದ. ಪಕ್ಕದ ತೋಟದವನು ನೆಲ ನೋಡಿದ. ಜನ ಬಿದ್ದು ಬಿದ್ದು ನಕ್ಕರು. ರೂಪಳ ಹಸು, ಟೊಮೆಟೊ, ಮದುವೆ ಗೊತ್ತಾದ ಅಕ್ಕ, ಎಲ್ಲರಿಗೂ ಚೆನ್ನಾಗಿ ಬಿತ್ತು. ಕಡೆಗೆ ಭಾನುಪ್ರಿಯ ಎದ್ದು ಬಂದಳು. ಮೊದಲ ಸಾಲು ಯಾರಿಗೂ ಕೇಳಿಸಲಿಲ್ಲ.

"ಜೋರಾಗಿ ಬೈಯೇ!" ಎಂದಳು ಸೊಣ್ಣಮ್ಮ ಕೂತಲ್ಲಿಂದಲೇ. "ಉಳ ಮನ್ಯಾಗವೆ, ಇಲ್ಲಿಲ್ಲ!"

ಹುಡುಗಿ ಉಸಿರು ಎಳೆದುಕೊಂಡಳು. ಆಮೇಲೆ ಬಂದ ಧ್ವನಿ ಅವಳದೇ ಎಂದು ನಂಬಲು ಮಕ್ಕಳೆಲ್ಲ ತಿರುಗಿ ನೋಡಬೇಕಾಯಿತು.

ನಮ್ಮನೆ ಹುಳ ಶುದ್ಧ ದರಿದ್ರಗಳು
ಹಗಲೂ ತಿಂತವೆ ರಾತ್ರೀನೂ ತಿಂತವೆ
ಅಪ್ಪ ರೈಲಿಗೆ ಹೊರಟ್ರೂ ನೋಡಲ್ಲ
ಅಜ್ಜಿ ನಿದ್ದೆಗೆಟ್ರೂ ಕೇಳಲ್ಲ
ತಿಂದದ್ದೆಲ್ಲ ಮುಗಿದ ಮೇಲೆ
ನಮ್ಮ ಮುಖ ನೋಡಬಾರದು ಅಂತ
ಬಾಯಿಂದಲೇ ಮನೆ ಕಟ್ಕೊಂಡು ಬಾಗಿಲು ಹಾಕ್ಕೊಂಡವೆ
ಕೆಟ್ಟ ಹುಳ
ಈಗ ನಮ್ಮನೆ ಒಳಗೆ ಮಳೆ ಇಲ್ಲ

ಯಾರೂ ನಗಲಿಲ್ಲ. ಹುಳ ಸಾಕಿದ ಮನೆಯವರು ಅಲ್ಲಿ ಏಳೆಂಟು ಮಂದಿ ಇದ್ದರು. ಚಂದ್ರಿಕೆಗೆ ಬಿಟ್ಟ ಮೇಲೆ ಮನೆ ಎಷ್ಟು ಸುಮ್ಮನಾಗುತ್ತದೆಂದು ಅವರಿಗೆ ಗೊತ್ತಿತ್ತು, ಅದನ್ನು ಯಾರೂ ಹೇಳಿರಲಿಲ್ಲ. ಸುಧಾಕರ್ ಹಿಂದೆ ನಿಂತು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ.

ಸೊಣ್ಣಮ್ಮ ಎದ್ದಳು. ಸೊಂಟದ ಚೀಲದಿಂದ ಉಪ್ಪು ಮೆಣಸಿನಕಾಯಿಯನ್ನೇ ತೆಗೆದಳು. ಈ ಸಲ ಹಲಗೆಯ ಹತ್ತಿರ ಹೋಗಲಿಲ್ಲ. ಮೊಮ್ಮಗಳಿಗೆ ಮೂರು ಸುತ್ತು ನಿವಾಳಿಸಿದಳು. ಒಂದು ಗಳಿಗೆ ತಡೆದು, ಆಶಾರಾಣಿಗೂ ನಿವಾಳಿಸಿದಳು. ಆಶಾರಾಣಿಗೆ ಕಣ್ಣು ತುಂಬಿ ಬಂತು, ಮೆಣಸಿನಕಾಯಿ ಇನ್ನೂ ಉರಿಗೆ ಬಿದ್ದಿರಲಿಲ್ಲ.

"ಈ ಕತ್ತೆಗೆ ಒಂದಕ್ಷರ ಬರಲ್ಲ," ಎಂದಳು ಸೊಣ್ಣಮ್ಮ, ಸಭೆಗೆಲ್ಲ ಕೇಳುವಂತೆ, ಹುಡುಗಿಯ ತಲೆ ಸವರುತ್ತ. "ತಲೇಲಿ ಬರೀ ಮಣ್ಣು." ಆಮೇಲೆ ಟೀಚರ ಕಡೆ ತಿರುಗಿದಳು. "ನೀನೂ ಅಷ್ಟೇ ಮೇಡಮ್ಮಾ. ನಿನ್ ಕೈಲಿ ಏನೂ ಕಲ್ಸಾಕಾಗಲ್ಲ. ಅಂಗೇ ಇರು, ಬ್ಯಾರೆ ಊರಿಗೆ ಓಗ್ಬ್ಯಾಡ."

ಸಂಜೆ ಕೆಜಿಎಫ್‌ನ ಲೈನ್ ಮನೆಯಲ್ಲಿ ಮಾರಿಯಮ್ಮ ಕಾಫಿ ಕೊಡುತ್ತ, ಸಭೆ ಹೇಗಾಯಿತು ಎಂದು ಕೇಳಿದಳು.

"ತುಂಬಾ ಬೈದರಮ್ಮ," ಎಂದಳು ಆಶಾರಾಣಿ, ಮುಖ ಇಷ್ಟಗಲ ಮಾಡಿಕೊಂಡು. "ಎಲ್ಲರ ಮುಂದೆ."

ಮಾರಿಯಮ್ಮ ಎರಡೂ ಕೈಯಲ್ಲಿ ಮಗಳ ಕೆನ್ನೆ ನೀವಿ ದೃಷ್ಟಿ ತೆಗೆದು, ತನ್ನ ಹಣೆಯ ಎರಡೂ ಬದಿಗೆ ಬೆರಳೊತ್ತಿ ಲಟಲಟನೆ ನೆಟಿಗೆ ಮುರಿದಳು.

"ಸಾಕು ಬಾ, ಇಲಿಮರಿ," ಎಂದಳು. "ಕಾಫಿ ಆರುತ್ತೆ."